ಚೆಕ್ ಕೊಲಾಚ್ ಮತ್ತು ಕ್ಲೊಬಾಸ್ನೀಕ್: ಮನೆಯಲ್ಲಿ ಮಾಡುವ ಬಗೆ, ಹುಡುಕಿಕೊಂಡು ಹೋಗಿ ತಿನ್ನಬೇಕಾದ ಊರುಗಳು

ಹೂರಣ ತುಂಬಿದ ತಿಂಡಿ ಕನ್ನಡದ ಅಡುಗೆಮನೆಗೆ ಹೊಸತಲ್ಲ. ಹೋಳಿಗೆ, ಕಡುಬು, ಕರ್ಜಿಕಾಯಿಗಳನ್ನು ಮಾಡಿ ಪಳಗಿದ ಕೈಗೆ ಕಣಕದ ಹದವೂ ಹೂರಣದ ಹದವೂ ಗೊತ್ತಿರುತ್ತವೆ. ಚೆಕ್ ಜನರ ಕೊಲಾಚ್ ಎಂಬ ತಿಂಡಿಯನ್ನು ವಿವರಿಸಲು ಇವೆರಡಕ್ಕಿಂತ ಒಳ್ಳೆಯ ಪದಗಳು ನನಗೆ ಸಿಕ್ಕಿಲ್ಲವಾದ್ದರಿಂದ ಈ ಬರಹದುದ್ದಕ್ಕೂ ಅವನ್ನೇ ಬಳಸುತ್ತೇನೆ. ಒಂದು ವ್ಯತ್ಯಾಸವನ್ನು ಮಾತ್ರ ಮೊದಲೇ ತಿಳಿದುಕೊಳ್ಳಬೇಕು. ಹೋಳಿಗೆಯಲ್ಲಿ ಕಣಕವು ಹೂರಣವನ್ನು ಹಿಡಿದಿಡುವ ತೆಳು ಹೊದಿಕೆಯಷ್ಟೇ. ಅದು ಎಷ್ಟು ತೆಳುವಾದರೆ ಅಷ್ಟು ಮೆಚ್ಚುಗೆ. ಕೊಲಾಚಿನಲ್ಲಿ ಹಾಗಲ್ಲ, ಯೀಸ್ಟ್‌ನಿಂದ ಉಬ್ಬಿದ, ಬೆಣ್ಣೆ ಹಾಲುಗಳಿಂದ ಮೃದುವಾದ ಕಣಕವೇ ಅಲ್ಲಿ ತಿಂಡಿ, ಹೂರಣ ಅದಕ್ಕೆ ಒಡವೆ. ಮನೆಯಲ್ಲಿ ಮಾಡುವವರೂ ಅಂಗಡಿಯಲ್ಲಿ ಕೊಳ್ಳುವವರೂ ಮೊದಲು ಗಮನಿಸಬೇಕಾದದ್ದು ಕಣಕವನ್ನೇ.

ಹೆಸರುಗಳ ವಿಚಾರ

ಚೆಕ್ ಭಾಷೆಯಲ್ಲಿ 'ಕೊಲೊ' ಎಂದರೆ ಚಕ್ರ. ದುಂಡಗಿರುವುದರಿಂದ ಇದು 'ಕೊಲಾಚ್'. ಒಂದಕ್ಕಿಂತ ಹೆಚ್ಚಾದರೆ 'ಕೊಲಾಚೆ'. ಅಮೆರಿಕದ ಟೆಕ್ಸಸ್‌ಗೆ ವಲಸೆ ಹೋದವರ ಬಾಯಲ್ಲಿ ಈ ಬಹುವಚನವೇ ಏಕವಚನವಾಗಿ, ಈಗ ಅಲ್ಲಿ ಒಂದಕ್ಕೆ 'ಕೊಲಾಚಿ', ಹಲವಕ್ಕೆ 'ಕೊಲಾಚೀಸ್' ಎನ್ನುತ್ತಾರೆ.

ಖಾರದ ಬಗೆಯ ಹೆಸರಿನಲ್ಲಿ ಗೊಂದಲ ಇನ್ನೂ ಹೆಚ್ಚು. 'ಕ್ಲೊಬಾಸ' ಎಂದರೆ ಸಾಸೇಜ್. ಅದನ್ನು ಕಣಕದೊಳಗೆ ಮುಚ್ಚಿ ಬೇಯಿಸಿದ್ದು ಕ್ಲೊಬಾಸ್ನೀಕ್. ಇದು ಮೂಲತಃ ಟೆಕ್ಸಸ್‌ನಲ್ಲಿ ರೂಪುಗೊಂಡ ತಿಂಡಿ. ವೆಸ್ಟ್ ಎಂಬ ಹೆಸರಿನ ಪಟ್ಟಣದ 'ವಿಲೇಜ್ ಬೇಕರಿ'ಯಲ್ಲಿ 1950ರ ದಶಕದ ಆರಂಭದಲ್ಲಿ ಇದನ್ನು ಮೊದಲು ಮಾಡಲಾಯಿತು ಎಂಬುದು ಆ ಊರಿನವರ ಮಾತು. ಚೆಕ್ ಮನೆತನಗಳ ಹಿರಿಯರು ಇದನ್ನು ಕೊಲಾಚ್ ಎಂದು ಕರೆಯಲು ಒಪ್ಪುವುದಿಲ್ಲ. ಆದರೆ ಹ್ಯೂಸ್ಟನ್, ಡಲ್ಲಾಸ್ ನಗರಗಳ ಅನೇಕ ಅಂಗಡಿಗಳಲ್ಲಿ ಎರಡಕ್ಕೂ ಕೊಲಾಚಿ ಎಂಬ ಒಂದೇ ಹೆಸರು ನಡೆಯುತ್ತದೆ. ಮಾಂಸ ತಿನ್ನದವರಿಗೆ ಇದು ಬಹಳ ಮುಖ್ಯವಾದ ಸಂಗತಿ. ಹೂರಣ ಹೊರಗೆ ಕಾಣುತ್ತಿದ್ದರೆ ಅದು ಬಹುತೇಕ ಸಿಹಿಯದು. ಪೂರ್ತಿ ಮುಚ್ಚಿಕೊಂಡು ಉದ್ದಕ್ಕಿದ್ದರೆ ಒಳಗೆ ಸಾಸೇಜ್ ಇರುವ ಸಂಭವವೇ ಹೆಚ್ಚು. ಹೆಸರನ್ನು ನಂಬದೆ, ಒಳಗೇನಿದೆ ಎಂದು ಕೇಳಿಯೇ ಕೊಳ್ಳಬೇಕು.

ಮೊದಲ ಹಂತ: ಕಣಕ

24 ಕೊಲಾಚೆಗಳಿಗೆ ಬೇಕಾಗುವ ಸಾಮಗ್ರಿ ಇಷ್ಟು: 500 ಗ್ರಾಂ ಮೈದಾ, 250 ಮಿ.ಲೀ. ಹಾಲು, 100 ಗ್ರಾಂ ಬೆಣ್ಣೆ, 80 ಗ್ರಾಂ ಸಕ್ಕರೆ, ಎರಡು ಮೊಟ್ಟೆಯ ಹಳದಿ ಭಾಗ, 7 ಗ್ರಾಂ ಒಣ ಯೀಸ್ಟ್, ಒಂದು ಚಿಕ್ಕ ಚಮಚ ಉಪ್ಪು ಮತ್ತು ಒಂದು ನಿಂಬೆಯ ಸಿಪ್ಪೆಯ ತುರಿ. ಚೆಕ್ ದೇಶದಲ್ಲಿ ಗೋಧಿ ಹಿಟ್ಟನ್ನು ನುಣುಪು, ಅರೆತರಿ, ತರಿ ಎಂದು ಮೂರು ದರ್ಜೆಗಳಲ್ಲಿ ಮಾರುತ್ತಾರೆ, ಮತ್ತು ಕೊಲಾಚಿಗೆ ಅನೇಕರು ಅರೆತರಿ ಹಿಟ್ಟನ್ನು ಬೆರೆಸುತ್ತಾರೆ. ನಮ್ಮಲ್ಲಿ ಅದು ಸಿಗದ ಕಾರಣ ನಾನು 50 ಗ್ರಾಂ ಮೈದಾದ ಬದಲು ಅಷ್ಟೇ ತೂಕದ ಚಿರೋಟಿ ರವೆ ಸೇರಿಸುತ್ತೇನೆ. ಮೊಟ್ಟೆ ಬಳಸದ ಮನೆಗಳಲ್ಲಿ ಹಳದಿ ಭಾಗದ ಬದಲು ಎರಡು ದೊಡ್ಡ ಚಮಚ ಗಟ್ಟಿ ಮೊಸರು ಹಾಕಬಹುದು; ಬಣ್ಣ ಸ್ವಲ್ಪ ಪೇಲವವಾಗುತ್ತದೆ, ಮೃದುತ್ವಕ್ಕೆ ಕೊರತೆಯಾಗುವುದಿಲ್ಲ.

ಹಾಲನ್ನು ಕೈಗೆ ಹಿತವೆನಿಸುವಷ್ಟು, ಅಂದರೆ 35ರಿಂದ 38 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಿಸಿ ಮಾಡಿ. ಅದರಲ್ಲಿ ಅರ್ಧದಷ್ಟನ್ನು ತೆಗೆದುಕೊಂಡು ಒಂದು ಚಮಚ ಸಕ್ಕರೆ, ಎರಡು ಚಮಚ ಮೈದಾ ಮತ್ತು ಯೀಸ್ಟ್ ಕದಡಿ 10ರಿಂದ 15 ನಿಮಿಷ ಬಿಡಿ. ಮೇಲೆ ನೊರೆ ಎದ್ದು ಬಂದರೆ ಯೀಸ್ಟ್‌ಗೆ ಜೀವವಿದೆ ಎಂದರ್ಥ; ಏಳದಿದ್ದರೆ ಮುಂದುವರಿಯದೆ ಹೊಸ ಯೀಸ್ಟ್ ತರುವುದೇ ಸರಿ. ಅನಂತರ ಉಳಿದ ಹಿಟ್ಟು, ಸಕ್ಕರೆ, ಉಪ್ಪು, ಹಳದಿ ಭಾಗ, ನಿಂಬೆ ತುರಿ ಮತ್ತು ಮಿಕ್ಕ ಹಾಲನ್ನು ಸೇರಿಸಿ ಕಲಸಿಕೊಂಡು, ಕೊನೆಯಲ್ಲಿ ಕರಗಿಸಿ ಆರಿಸಿದ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ನಾದಬೇಕು.

ಈ ನಾದುವ ಕೆಲಸಕ್ಕೆ ಹತ್ತು ನಿಮಿಷವಾದರೂ ಬೇಕು. ಮೊದಲ ಐದು ನಿಮಿಷ ಕಣಕ ಬೆರಳಿಗೆಲ್ಲ ಅಂಟಿಕೊಂಡು ತಾಳ್ಮೆಯನ್ನು ಪರೀಕ್ಷಿಸುತ್ತದೆ. ಆಗ ಹೆಚ್ಚಿನವರು ಹಿಟ್ಟು ಉದುರಿಸಿಬಿಡುತ್ತಾರೆ. ಕೊಲಾಚ್ ಗಟ್ಟಿಯಾಗಿ ಬನ್ನಿನಂತಾಗುವುದು ಆ ಒಂದು ಹಿಡಿ ಹಿಟ್ಟಿನಿಂದಲೇ. ಹಿಟ್ಟಿನ ಬದಲು ಅಂಗೈಗೆ ತುಸು ಬೆಣ್ಣೆ ಸವರಿಕೊಂಡು ನಾದುತ್ತಲೇ ಇದ್ದರೆ ಕಣಕ ತಾನಾಗಿ ನುಣುಪಾಗಿ ಪಾತ್ರೆಯಿಂದ ಬಿಟ್ಟುಕೊಳ್ಳುತ್ತದೆ. ಹೋಳಿಗೆಯ ಕಣಕಕ್ಕಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ, ಇದು ಗುರಿ. 'ಬೆಜ್ ಪ್ರಾತ್ಸೆ ನೆಯ್ಸೌ ಕೊಲಾಚೆ', ಅಂದರೆ ದುಡಿಮೆಯಿಲ್ಲದೆ ಕೊಲಾಚೆಗಳಿಲ್ಲ ಎಂದು ಚೆಕ್ ಗಾದೆಯೇ ಇದೆ. ನಾವು 'ಕೈ ಕೆಸರಾದರೆ ಬಾಯಿ ಮೊಸರು' ಎನ್ನುವ ಕಡೆಯಲ್ಲೆಲ್ಲ ಅವರು ಈ ಮಾತನ್ನು ಆಡುತ್ತಾರೆ.

ನಾದಿದ ಕಣಕವನ್ನು ಒದ್ದೆ ಬಟ್ಟೆ ಮುಚ್ಚಿ, ಗಾತ್ರ ಎರಡರಷ್ಟಾಗುವವರೆಗೆ ಬಿಡಿ. ಚಳಿದೇಶದ ಪಾಕವಿಧಾನಗಳು ಒಂದೂವರೆ ಗಂಟೆ ಎನ್ನುತ್ತವೆ. ಮಂಗಳೂರಿನ ಅಥವಾ ಕಲಬುರಗಿಯ ಬೇಸಿಗೆಯಲ್ಲಿ ಮುಕ್ಕಾಲು ಗಂಟೆಗೇ ಕೆಲಸ ಮುಗಿದಿರುತ್ತದೆ, ಮತ್ತು ಅದನ್ನು ಮೀರಿ ಬಿಟ್ಟರೆ ಹುಳಿ ವಾಸನೆ ಹತ್ತುತ್ತದೆ. ಗಡಿಯಾರಕ್ಕಿಂತ ಕಣ್ಣನ್ನು ನಂಬಬೇಕು.

ಎರಡನೆಯ ಹಂತ: ಸಿಹಿ ಹೂರಣಗಳು

ಹಳೆಯ ಸಂಪ್ರದಾಯದಲ್ಲಿ ಮೂರು ಹೂರಣಗಳಿಗೆ ಮೊದಲ ಮಣೆ: ಗಸಗಸೆ, ಪ್ಲಮ್ ಹಣ್ಣಿನ ಪೊವಿದ್ಲ ಮತ್ತು ಹಾಲು ಒಡೆಸಿ ಮಾಡುವ, ಮೆತ್ತನೆಯ ಪನೀರ್‌ನಂಥ ತ್ವರೊಹ್.

ಗಸಗಸೆ ಪಾಯಸ ಉಂಡು ಬೆಳೆದವರಿಗೆ ಮೊದಲನೆಯದು ಬೇಗ ಹತ್ತಿರವಾಗುತ್ತದೆ. ನಮ್ಮದು ಬಿಳಿ ಗಸಗಸೆ. ಅವರದು ನೀಲಿ ಕಪ್ಪು ಬಣ್ಣದ್ದು, ಚೆಕ್ ದೇಶ ಅದನ್ನು ಬೆಳೆಯುವ ಪ್ರಮುಖ ದೇಶಗಳಲ್ಲೊಂದು. ಬಿಳಿಯದರಲ್ಲಿ ಮಾಡಿದರೂ ರುಚಿಗೆ ಮೋಸವಿಲ್ಲ, ನೋಟ ಮಾತ್ರ ಬೇರೆ. 200 ಗ್ರಾಂ ಗಸಗಸೆಯನ್ನು ಮಿಕ್ಸಿಯಲ್ಲಿ ಒಣಗಿದ್ದಂತೆಯೇ ಸ್ವಲ್ಪಸ್ವಲ್ಪವಾಗಿ ಪುಡಿ ಮಾಡಿ. ಇಡಿಯಾಗಿ ಹಾಕಿದರೆ ಅದರ ಎಣ್ಣೆ ಬಿಡುವುದಿಲ್ಲ, ಹೂರಣ ಮರಳಿನಂತಿರುತ್ತದೆ. ಪುಡಿ ಮಾಡಿ ದಿನಗಟ್ಟಲೆ ಇಟ್ಟರೆ ಕಮಟು ಬರುತ್ತದೆ. ಆದ್ದರಿಂದ ಅಂದಂದೇ ಪುಡಿ ಮಾಡಬೇಕು. 200 ಮಿ.ಲೀ. ಹಾಲು ಕುದಿಸಿ, ಪುಡಿಯನ್ನು ಸುರಿದು, 80 ಗ್ರಾಂ ಸಕ್ಕರೆ, ಒಂದು ಚಮಚ ಜೇನು, ಚಿಟಿಕೆ ಚಕ್ಕೆ ಪುಡಿ, ಒಂದು ಚಮಚ ಬೆಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿ. ಚಮಚ ಎತ್ತಿದರೆ ಮುದ್ದೆಯಾಗಿ ಬೀಳಬೇಕು, ಹರಿಯಬಾರದು.

ಪೊವಿದ್ಲ ಎಂದರೆ ಜಾಮ್ ಅಲ್ಲ. ಚೆನ್ನಾಗಿ ಮಾಗಿದ ನೀಲಿ ಪ್ಲಮ್‌ಗಳನ್ನು ಸಕ್ಕರೆಯಿಲ್ಲದೆ, ಗಂಟೆಗಟ್ಟಲೆ ಕುದಿಸಿ ಕುದಿಸಿ ಕಪ್ಪಾದ ಗಟ್ಟಿ ಪಾಕ ಅದು. ಜಾಮ್ ಹಾಕಿದರೆ ಓವನ್‌ನಲ್ಲಿ ಕರಗಿ ಅಂಚಿನಿಂದ ಹರಿದುಹೋಗುತ್ತದೆ. ಪೊವಿದ್ಲ ಇದ್ದಲ್ಲೇ ನಿಲ್ಲುತ್ತದೆ. ನಮ್ಮಲ್ಲಿ 250 ಗ್ರಾಂ ಒಣ ಪ್ಲಮ್‌ಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚಕ್ಕೆ ಮತ್ತು ಒಂದು ಲವಂಗದೊಂದಿಗೆ ಹದಿನೈದು ನಿಮಿಷ ಬೇಯಿಸಿ, ಲವಂಗ ತೆಗೆದು ಅರೆದರೆ ಬಹಳ ಹತ್ತಿರದ ರುಚಿ ಬರುತ್ತದೆ. ಒಣ ಏಪ್ರಿಕಾಟ್‌ಗೂ ಇದೇ ಕ್ರಮ, ಹುಳಿ ಹೆಚ್ಚೆಂದು ಎರಡು ಚಮಚ ಸಕ್ಕರೆ ಮಾತ್ರ ಬೇಕು.

ತ್ವರೊಹ್‌ಗೆ ಒತ್ತಿ ಗಟ್ಟಿ ಮಾಡಿದ ಪನೀರ್ ಆಗುವುದಿಲ್ಲ. ಮನೆಯಲ್ಲೇ ಹಾಲು ಒಡೆಸಿ ಸೋಸಿದ, ಇನ್ನೂ ತೇವವಿರುವ ಪನೀರ್ 200 ಗ್ರಾಂ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 100 ಗ್ರಾಂ, ಇವೆರಡನ್ನೂ ನುಣ್ಣಗೆ ಕಲಸಿ, 60 ಗ್ರಾಂ ಸಕ್ಕರೆ, ಒಂದು ಹಳದಿ ಭಾಗ, ವೆನಿಲ್ಲಾ, ನಿಂಬೆ ತುರಿ, ಒಂದು ಹಿಡಿ ಒಣದ್ರಾಕ್ಷಿ ಸೇರಿಸಿ. ತೆಳುವೆನಿಸಿದರೆ ಒಂದು ದೊಡ್ಡ ಚಮಚ ಚಿರೋಟಿ ರವೆ ನೀರನ್ನು ಹೀರಿಕೊಳ್ಳುತ್ತದೆ. ಮೊಸರಿನ ನಸುಹುಳಿ ಇಲ್ಲದಿದ್ದರೆ ಇದು ತ್ವರೊಹ್ ಅನಿಸುವುದಿಲ್ಲ, ಬರಿಯ ಸಿಹಿ ಪನೀರ್ ಅನಿಸುತ್ತದೆ.

ಮೇಲೆ ಉದುರಿಸುವ ಸಿಹಿ ತರಿಗೆ ಚೆಕ್ ದೇಶದಲ್ಲಿ ದ್ರೊಬೆಂಕ ಎಂತಲೂ ಟೆಕ್ಸಸ್‌ನಲ್ಲಿ ಪೊಸಿಪ್ಕ ಎಂತಲೂ ಹೆಸರು. 80 ಗ್ರಾಂ ಮೈದಾ, 40 ಗ್ರಾಂ ಸಕ್ಕರೆ, 40 ಗ್ರಾಂ ತಣ್ಣಗಿನ ಬೆಣ್ಣೆಯನ್ನು ಬೆರಳ ತುದಿಯಿಂದ ಉಜ್ಜಿದರೆ ಬ್ರೆಡ್ಡಿನ ಪುಡಿಯಂತೆ ಕಾಳುಕಾಳಾಗುತ್ತದೆ. ಕೈಬಿಸಿಗೆ ಬೆಣ್ಣೆ ಕರಗಿ ಮುದ್ದೆಯಾದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಉಜ್ಜಿ.

ಮೂರನೆಯ ಹಂತ: ಆಕಾರ ಮತ್ತು ಬೇಯಿಸುವಿಕೆ

ಉಬ್ಬಿದ ಕಣಕವನ್ನು 40 ಗ್ರಾಂ ತೂಕದ ಉಂಡೆಗಳಾಗಿ ಮಾಡಿ, ಟ್ರೇಯಲ್ಲಿ ಎರಡು ಬೆರಳಿನ ಅಂತರದಲ್ಲಿಟ್ಟು ಕಾಲು ಗಂಟೆ ಬಿಡಿ. ಬಳಿಕ ಚಿಕ್ಕ ಸ್ಟೀಲ್ ಲೋಟದ ತಳಕ್ಕೆ ಹಿಟ್ಟು ಸವರಿ ಉಂಡೆಯ ನಡುವೆ ಗಟ್ಟಿಯಾಗಿ ಒತ್ತಿ. ಸುತ್ತಲೂ ಒಂದು ಸೆಂ.ಮೀ. ಅಂಚು ಉಳಿಯಬೇಕು. ಒತ್ತುವಾಗ ಹಿಂಜರಿಯಬಾರದು. ಗುಳಿ ಮೇಲುಮೇಲಕ್ಕೆ ಮಾಡಿದರೆ ಓವನ್‌ನಲ್ಲಿ ತಳ ಉಬ್ಬಿ ಹೂರಣವನ್ನು ಹೊರಕ್ಕೆ ತಳ್ಳುತ್ತದೆ. ತಳಕ್ಕೆ ಫೋರ್ಕ್‌ನಿಂದ ಎರಡು ಮೂರು ಕಡೆ ಚುಚ್ಚಿದರೆ ಇನ್ನೂ ಒಳ್ಳೆಯದು. ಅಂಚಿಗೆ ಹಾಲು ಅಥವಾ ಮೊಟ್ಟೆ ಸವರಿ, ಗುಳಿಗೆ ಚಮಚ ತುಂಬ ಹೂರಣವಿಟ್ಟು, ಪೊಸಿಪ್ಕ ಉದುರಿಸಿ, ಇನ್ನೊಂದು 20 ನಿಮಿಷ ಉಬ್ಬಲು ಬಿಡಿ.

ಚೆಕ್ ದೇಶದ ಪೂರ್ವ ಭಾಗವಾದ ಮೊರಾವಿಯದಲ್ಲಿ ಇದಕ್ಕಿಂತ ಸೊಗಸಾದ ಒಂದು ಕ್ರಮವಿದೆ, ನನಗೆ ಬಹಳ ಪ್ರಿಯವಾದದ್ದೂ ಅದೇ. ಹೋಳಿಗೆಗೆ ಮಾಡುವಂತೆಯೇ ಉಂಡೆಯನ್ನು ಅಂಗೈಯಲ್ಲಿ ತಟ್ಟಿ, ತ್ವರೊಹ್ ಹೂರಣವಿಟ್ಟು, ಸುತ್ತಲಿನ ಅಂಚನ್ನು ಎಳೆದು ಮುಚ್ಚಿ, ಮುಚ್ಚಿದ ಭಾಗ ಕೆಳಗೆ ಬರುವಂತೆ ಟ್ರೇಯಲ್ಲಿಡುತ್ತಾರೆ. ಅದರ ನೆತ್ತಿಯಲ್ಲಿ ಗುಳಿ ಮಾಡಿ ಪೊವಿದ್ಲವಿಟ್ಟು ಪೊಸಿಪ್ಕ ಉದುರಿಸುತ್ತಾರೆ. ಒಂದೇ ಕೊಲಾಚಿನಲ್ಲಿ ಒಳಗೆ ಬಿಳಿ, ಮೇಲೆ ಕಪ್ಪು. ಹೋಳಿಗೆ ತುಂಬಿ ಅಭ್ಯಾಸವಿರುವವರಿಗೆ ಇದು ಮೊದಲ ಸಲಕ್ಕೇ ಒಲಿಯುತ್ತದೆ.

ಓವನ್ 190 ಡಿಗ್ರಿಗೆ ಮೊದಲೇ ಕಾದಿರಬೇಕು. 14ರಿಂದ 16 ನಿಮಿಷದಲ್ಲಿ ಅಂಚು ಜೇನಿನ ಬಣ್ಣಕ್ಕೆ ಬರುತ್ತದೆ. ಹೊರತೆಗೆದ ಕೂಡಲೇ ಅಂಚಿಗೆಲ್ಲ ಕರಗಿಸಿದ ಬೆಣ್ಣೆ ಸವರಿ. ಈ ಕೊನೆಯ ಬೆಣ್ಣೆಯನ್ನು ಬಿಟ್ಟರೆ ಅಂಚು ಗಂಟೆಯೊಳಗೆ ಒರಟಾಗುತ್ತದೆ.

ನಾಲ್ಕನೆಯ ಹಂತ: ಖಾರದ ಬಗೆಗಳು

ಕ್ಲೊಬಾಸ್ನೀಕ್‌ಗೆ ಅದೇ ಕಣಕ, ಸಕ್ಕರೆ ಮಾತ್ರ 80ರ ಬದಲು 30 ಗ್ರಾಂ. 55ರಿಂದ 60 ಗ್ರಾಂ ತೂಕದ ಉಂಡೆಯನ್ನು ಉದ್ದಕ್ಕೆ ತಟ್ಟಿ, ಮೊದಲೇ ಬಿಸಿ ಮಾಡಿ ಜಿಡ್ಡು ಒರೆಸಿದ ಹೊಗೆಯ ಸಾಸೇಜ್ ತುಂಡು, ಬೇಕಿದ್ದರೆ ಚೀಸ್ ಮತ್ತು ಹಾಲಪೀನ್ಯೊ ಮೆಣಸಿನಕಾಯಿಯ ಚೂರುಗಳನ್ನಿಟ್ಟು ಸುತ್ತಿ, ಅಂಚನ್ನು ಚಿವುಟಿ ಭದ್ರವಾಗಿ ಮುಚ್ಚಬೇಕು. ಮುಚ್ಚಿದ ಗೀಟು ಕೆಳಗಿರಲಿ. 190 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಸಾಕು. ಹಾಲಪೀನ್ಯೊ ಇಲ್ಲಿಗೆ ಬಂದದ್ದು ಟೆಕ್ಸಸ್‌ನ ಮೆಕ್ಸಿಕನ್ ನೆರೆಯಿಂದ. ಮೊರಾವಿಯದ ಅಜ್ಜಿಯರು ಅದನ್ನು ಕಂಡಿರಲಿಲ್ಲ.

ಸಸ್ಯಾಹಾರಿಗಳಿಗೆ ಎಲೆಕೋಸಿನ ಹೂರಣ ಚೆಕ್ ಸಂಪ್ರದಾಯದಲ್ಲೇ ಇದೆ, ಅದಕ್ಕಾಗಿ ಹೊಸದೇನನ್ನೂ ಕಲ್ಪಿಸಬೇಕಾಗಿಲ್ಲ. 400 ಗ್ರಾಂ ಎಲೆಕೋಸನ್ನು ಎಳೆಯಾಗಿ ಹೆಚ್ಚಿ, ಬೆಣ್ಣೆಯಲ್ಲಿ ಉಪ್ಪು, ಕಾಳುಮೆಣಸಿನ ಪುಡಿ, ಅರ್ಧ ಚಮಚ ಸಕ್ಕರೆ ಮತ್ತು ಕ್ಮೀನ್ ಹಾಕಿ, ನೀರಿನಂಶ ಪೂರ್ತಿ ಆರಿ ಅಂಚು ಕೆಂಪಾಗುವವರೆಗೆ ಬಾಡಿಸಿ. ಕ್ಮೀನ್ ಎಂದರೆ ಕ್ಯಾರವೇ ಕಾಳು. ನಮ್ಮ ಒಗ್ಗರಣೆಯ ಜೀರಿಗೆಯಂತೆ ಕಂಡರೂ ಪರಿಮಳವೇ ಬೇರೆ, ಜೀರಿಗೆ ಹಾಕಿದರೆ ಇದು ಎಲೆಕೋಸಿನ ಪಲ್ಯದ ಬನ್ ಆಗುತ್ತದೆ. ಅದೂ ರುಚಿಯೇ, ಆದರೆ ಬೇರೆ ತಿಂಡಿ. ಹೂರಣ ಪೂರ್ತಿ ತಣ್ಣಗಾದ ಮೇಲೆಯೇ ತುಂಬಬೇಕು. ಬಿಸಿಯಿದ್ದರೆ ಕಣಕದೊಳಗಿನ ಬೆಣ್ಣೆ ಕರಗಿ ತಳ ಹಸಿಯಾಗಿ ಉಳಿಯುತ್ತದೆ.

ಎಲ್ಲಿ ತಿನ್ನಬೇಕು: ಚೆಕ್ ನಾಡು

ಪ್ರಾಗ್‌ನ ಹಳೆಯ ಪೇಟೆಯಲ್ಲಿ ಪ್ರವಾಸಿಗರ ಕಣ್ಣಿಗೆ ಮೊದಲು ಬೀಳುವುದು ಕಣಕವನ್ನು ಕೋಲಿಗೆ ಸುತ್ತಿ ಕೆಂಡದ ಮೇಲೆ ತಿರುಗಿಸಿ ಬೇಯಿಸುವ ತ್ರ್ದೆಲ್ನೀಕ್, ಅದರೊಳಗೆ ಈಗ ಐಸ್‌ಕ್ರೀಮ್ ಬೇರೆ. ಅದು ಆ ಊರಿನ ಹಳೆಯ ತಿಂಡಿಯಲ್ಲ. ಆ ಜಾತಿಯ ತಿಂಡಿಗಳಲ್ಲಿ ಸ್ಲೊವಾಕಿಯದ ಸ್ಕಲಿತ್ಸ ಪಟ್ಟಣದ್ದಕ್ಕೆ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಮಾನ್ಯತೆ ಇದೆ. ಕೊಲಾಚ್ ಬೇಕಾದವರು 'ಪೆಕರ್ಜ್ಸ್ತ್ವಿ' ಎಂಬ ಫಲಕವಿರುವ ಬೇಕರಿಯನ್ನೋ, ಶನಿವಾರ ಬೆಳಿಗ್ಗೆ ವ್ಲ್ತವ ನದೀತೀರದ ನಾಪ್ಲಾವ್ಕದಲ್ಲಿ ನಡೆಯುವ ರೈತರ ಸಂತೆಯನ್ನೋ ಹುಡುಕಬೇಕು. ಗಸಗಸೆಯದು 'ಮಕೊವಿ', ತ್ವರೊಹ್‌ನದು 'ತ್ವರೊಹೊವಿ', ಪ್ಲಮ್‌ನದು 'ಪೊವಿದ್ಲೊವಿ', ಪೇರ್ (ಮರಸೇಬು) ಹಣ್ಣಿನದು 'ಹ್ರುಷ್ಕೊವಿ' ಎಂಬ ನಾಲ್ಕು ಪದಗಳು ಗೊತ್ತಿದ್ದರೆ ಬೆರಳು ತೋರಿಸುವ ಅಗತ್ಯ ಬೀಳುವುದಿಲ್ಲ. ಕೊನೆಗೆ 'ಪ್ರೊಸೀಮ್' ಎನ್ನುವುದನ್ನು ಮರೆಯಬಾರದು, ಅದು ಅವರ 'ದಯವಿಟ್ಟು'. ಕಣಕಕ್ಕೆ ಹಂದಿಯ ಕೊಬ್ಬು ಬಳಸುವ ರೂಢಿಯೂ ಇರುವುದರಿಂದ, ಸಸ್ಯಾಹಾರಿಗಳು 'ಬೆಜ್ ಸಾದ್ಲ', ಅಂದರೆ ಹಂದಿಯ ಕೊಬ್ಬಿಲ್ಲದ್ದು, ಎಂದು ಕೇಳಿಕೊಳ್ಳಬೇಕು.

ಸಮಯವಿದ್ದವರು ರಾಜಧಾನಿಯಿಂದ ಹೊರಬರುವುದು ಒಳ್ಳೆಯದು. ಪೂರ್ವದಲ್ಲಿ ವಲಾಶ್ಸ್ಕೊ ಎಂಬ ಗುಡ್ಡಗಾಡಿನ ಫ್ರ್ಗಾಲ್ ಸುಮಾರು 30 ಸೆಂ.ಮೀ. ಅಗಲದ ದೊಡ್ಡ ಕೊಲಾಚ್. ಕಣಕ ತೆಳು, ಹೂರಣ ಬಹುತೇಕ ಅಂಚಿನವರೆಗೆ, ಮೇಲೆ ತುಂಬ ದ್ರೊಬೆಂಕ. ತ್ರಿಕೋನದ ತುಂಡುಗಳಾಗಿ ಕೊಯ್ದು ಕೊಡುತ್ತಾರೆ. ಕಣಕವೇ ಮುಖ್ಯ ಎಂದು ಮೇಲೆ ಹೇಳಿದ ನಿಯಮಕ್ಕೆ ಇದೊಂದು ಅಪವಾದ, ಹೋಳಿಗೆಗೆ ಹತ್ತಿರದ ಅಪವಾದ. ಒಣ ಪೇರ್ ಹಣ್ಣಿನ ಹೂರಣದ್ದನ್ನು ತಪ್ಪದೆ ತಿನ್ನಬೇಕು. 2013ರಲ್ಲಿ ಫ್ರ್ಗಾಲ್‌ಗೆ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಮಾನ್ಯತೆ ದೊರೆತಿದೆ. ರೊಜ್ನೊವ್ ಪಟ್ಟಣದಲ್ಲಿ ಹಳೆಯ ಮರದ ಮನೆಗಳ ಬಯಲು ವಸ್ತುಸಂಗ್ರಹಾಲಯವೂ ಇರುವುದರಿಂದ ಒಂದು ಇಡೀ ದಿನವನ್ನು ಅಲ್ಲಿ ಕಳೆಯಬಹುದು.

ಪಶ್ಚಿಮದ ಗಡಿಯಲ್ಲಿ ದೊಮಜ್ಲಿತ್ಸೆಯ ಸುತ್ತಿನ ಖೊದ್ ಜನರ ಕೊಲಾಚ್ ಇದಕ್ಕೆ ತದ್ವಿರುದ್ಧ. ಬಿಳಿ, ಕಪ್ಪು, ಕಂದು ಹೂರಣಗಳನ್ನು ಒಂದೇ ತಟ್ಟೆಯಗಲದ ಕಣಕದ ಮೇಲೆ ರಂಗೋಲಿಯಂತೆ ಬಿಡಿಸಿ, ಒಣದ್ರಾಕ್ಷಿ ಬಾದಾಮಿಗಳಿಂದ ಸಿಂಗರಿಸುತ್ತಾರೆ. ಆಗಸ್ಟ್‌ನಲ್ಲಿ ನಡೆಯುವ ಅಲ್ಲಿನ ಉತ್ಸವ ಇದನ್ನು ನೋಡಲು ತಕ್ಕ ಕಾಲ. ಮದುವೆಗೆ ಮುನ್ನ ನೆಂಟರಿಷ್ಟರಿಗೆ ಹಂಚುವ, ಒಂದೇ ತುತ್ತಿಗಾಗುವ ಪುಟ್ಟ ಕೊಲಾಚೆಗಳು ದೇಶದೆಲ್ಲೆಡೆ ಇವೆ. ಅವು ಸಿಗಬೇಕಾದರೆ ಪರಿಚಯದ ಮನೆಯಿರಬೇಕು.

ಎಲ್ಲಿ ತಿನ್ನಬೇಕು: ಟೆಕ್ಸಸ್

1850ರಲ್ಲಿ ಟೆಕ್ಸಸ್‌ನ ಕ್ಯಾಟ್ ಸ್ಪ್ರಿಂಗ್‌ಗೆ ಬಂದು ನೆಲೆಸಿದ ಯೊಸೆಫ್ ಬೆರ್ಗ್‌ಮನ್ ಎಂಬ ಪಾದ್ರಿ ಊರಿಗೆ ಬರೆದ ಪತ್ರಗಳು ಅಲ್ಲಿನ ಬಡ ರೈತರನ್ನು ಸೆಳೆದವು. ಗ್ಯಾಲ್ವೆಸ್ಟನ್ ಬಂದರಿನಲ್ಲಿ ಇಳಿದು ಮಧ್ಯ ಟೆಕ್ಸಸ್‌ನ ಕಪ್ಪು ಮಣ್ಣಿನಲ್ಲಿ ಹತ್ತಿ ಬೆಳೆದ ಈ ಜನರಲ್ಲಿ ಬಹುಪಾಲು ಮೊರಾವಿಯದವರು. ಅವರ ಮನೆಗಳಲ್ಲಿ ಉಳಿದ ಕೊಲಾಚ್ ಇಪ್ಪತ್ತನೆಯ ಶತಮಾನದಲ್ಲಿ ಬೇಕರಿಗೆ ಬಂದು, ಈಗ ಹೆದ್ದಾರಿಯ ತಿಂಡಿಯಾಗಿದೆ.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಈ ಅಂಗಡಿಗಳಿವೆ. ಡಲ್ಲಾಸ್‌ನಿಂದ ಆಸ್ಟಿನ್ ಕಡೆಗೆ 35ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಬರುವಾಗ, ವೇಕೊ ನಗರಕ್ಕೆ ಸ್ವಲ್ಪ ಮೊದಲು ವೆಸ್ಟ್ ಪಟ್ಟಣ ಸಿಗುತ್ತದೆ. ಪೆಟ್ರೋಲ್ ಬಂಕಿಗೆ ಅಂಟಿಕೊಂಡಿರುವ 'ಚೆಕ್ ಸ್ಟಾಪ್' ಅಲ್ಲಿನ ಹೆಸರಾಂತ ಅಂಗಡಿ. ಸಾಲು ಉದ್ದವಿದ್ದರೆ ಬೇಸರಿಸಬೇಕಿಲ್ಲ, ಸಾಲು ಉದ್ದವಿದ್ದಷ್ಟೂ ಟ್ರೇಗಳು ಬೇಗ ಖಾಲಿಯಾಗಿ ಬಿಸಿಯದು ಸಿಗುತ್ತದೆ. ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ಹೋಗುವವರಿಗೆ 71ನೇ ಹೆದ್ದಾರಿಯಲ್ಲಿ ಎಲಿಂಜರ್‌ನ 'ಹ್ರುಷ್ಕಾಸ್' ಮತ್ತು ಲಾ ಗ್ರೇಂಜ್‌ನ 'ವೈಕಲ್ಸ್' ಇವೆ. ಮೊದಲನೆಯದು 1912ರಿಂದ ನಡೆದುಬಂದ ಅಂಗಡಿ. ಲಾ ಗ್ರೇಂಜ್‌ನಲ್ಲಿ ಟೆಕ್ಸಸ್ ಚೆಕ್ ಪರಂಪರೆಯ ಕೇಂದ್ರವಿದೆ. ಅಲ್ಲಿಂದ ಶುಲೆನ್‌ಬರ್ಗ್ ಸುತ್ತಮುತ್ತಲಿನ, ಒಳಗೋಡೆಗಳಿಗೆಲ್ಲ ಚಿತ್ತಾರ ಬರೆದ ವಲಸಿಗರ ಚರ್ಚುಗಳೂ ಹತ್ತಿರ.

ಹಬ್ಬದ ವಾತಾವರಣ ಬೇಕೆಂದರೆ ಕಾಲ್ಡ್‌ವೆಲ್ ಪಟ್ಟಣದಲ್ಲಿ ಸೆಪ್ಟೆಂಬರ್‌ನ ಎರಡನೆಯ ಶನಿವಾರ ಕೊಲಾಚಿ ಉತ್ಸವ ನಡೆಯುತ್ತದೆ. ವೆಸ್ಟ್‌ನ 'ವೆಸ್ಟ್‌ಫೆಸ್ಟ್' ಅದಕ್ಕೂ ಮೊದಲು, ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಅಮೆರಿಕದ ಕಾರ್ಮಿಕರ ದಿನದ ವಾರಾಂತ್ಯದಲ್ಲಿ. ಟೆಕ್ಸಸ್‌ನ ಹೊರಗೆ ಒಕ್ಲಹೋಮದ ಪ್ರಾಗ್ ಎಂಬ ಊರು, ಮಿನೆಸೋಟದ ಮಾಂಟ್‌ಗೊಮರಿ, ಅಯೋವದ ಸೀಡರ್ ರ‍್ಯಾಪಿಡ್ಸ್‌ಗಳಲ್ಲೂ ಚೆಕ್ ಬೇರುಗಳಿವೆ. ಸೀಡರ್ ರ‍್ಯಾಪಿಡ್ಸ್‌ನಲ್ಲಿ ಚೆಕ್ ಮತ್ತು ಸ್ಲೊವಾಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಇದೆ.

ಅಂಗಡಿಯಲ್ಲಿ ಆರಿಸುವಾಗ ಹೂರಣದ ಹೊಳಪಿಗೆ ಮರುಳಾಗದೆ ಅಂಚನ್ನು ನೋಡಿ. ಬೆರಳಿನಿಂದ ಮೆಲ್ಲನೆ ಒತ್ತಿದರೆ ಒಳಗಿಳಿದು ನಿಧಾನವಾಗಿ ಮೇಲೆದ್ದರೆ ಅದು ಅಂದಿನದು. ಒತ್ತಿದ್ದು ಹಾಗೆಯೇ ಉಳಿದರೆ ಅಥವಾ ಒತ್ತಲೇ ಬಾರದಿದ್ದರೆ ನಿನ್ನೆಯದು. ಮೊದಲ ಸಲ ಕೊಳ್ಳುವವರು ಒಂದು ಗಸಗಸೆಯದನ್ನೂ ಒಂದು ತ್ವರೊಹ್‌ನದನ್ನೂ ತೆಗೆದುಕೊಂಡು ಅಲ್ಲೇ ನಿಂತು ತಿಂದು, ಮನೆಗೆ ಬೇಕಾದದ್ದನ್ನು ಆಮೇಲೆ ನಿರ್ಧರಿಸುವುದು ಮೇಲು.

ಮನೆಗೆ ಒಯ್ಯುವವರು ಡಬ್ಬಿಯ ಮುಚ್ಚಳವನ್ನು ಬಿಸಿಯಾರುವವರೆಗೆ ತೆರೆದಿಡಬೇಕು, ಇಲ್ಲದಿದ್ದರೆ ಹಬೆಗೆ ಪೊಸಿಪ್ಕ ಒದ್ದೆಯಾಗುತ್ತದೆ. ಸಾಸೇಜ್ ಇರುವುದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ತ್ವರೊಹ್‌ನದಕ್ಕೂ ಇದೇ ಕ್ರಮ. ಹಣ್ಣಿನವು ಒಂದು ದಿನ ಹೊರಗೆ ತಡೆಯುತ್ತವೆ. ಉಳಿದದ್ದನ್ನು ಒಂದೊಂದಾಗಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಒಂದು ತಿಂಗಳು ಇರುತ್ತವೆ. ಬೇಕಾದಾಗ ಹೊರತೆಗೆದು, ಮಂಜು ಬಿಟ್ಟ ಮೇಲೆ, 150 ಡಿಗ್ರಿಯಲ್ಲಿ ಎಂಟು ನಿಮಿಷ ಬಿಸಿ ಮಾಡಿ ಅಂಚಿಗೆ ಮತ್ತೊಮ್ಮೆ ಬೆಣ್ಣೆ ಸವರಿ.